ಎಂಬತ್ತು ರೂಪಾಯಿ ಗೆದ್ದ ದಿನ

2020ರ ಫೆಬ್ರವರಿ 1, ಶನಿವಾರ. ಹಾಸ್ಟೆಲ್ ಟಿವಿ ಮುಂದೆ ನಾವು ಎಂಟು ಜನ ಪತ್ರಿಕೋದ್ಯಮದ ಹುಡುಗರು ಕೂತಿದ್ದೆವು. ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ ಬಜೆಟ್ ಓದುತ್ತಿದ್ದರು. ಬೇಜಾರು ಕಳೆಯೋಕೆ ಒಂದು ಬೆಟ್ ಕಟ್ಟಿದೆವು. ತಲೆಗೆ ಹತ್ತು ರೂಪಾಯಿ, ಒಬ್ಬರಿಗೆ ಒಂದು ಪದ. ಯಾರ ಪದ ಸಚಿವರ ಬಾಯಲ್ಲಿ ಬರುತ್ತೋ ಅವರಿಗೆ ದುಡ್ಡು.

ಹಿಂದಿನ ವರ್ಷ ಜುಲೈ ಬಜೆಟ್‌ನಲ್ಲಿ ಅವರು ಹಳೆಯ ತಮಿಳು ಪದ್ಯ ಹೇಳಿದ್ದು ನನಗೆ ನೆನಪಿತ್ತು. 'ತಿರುವಳ್ಳುವರ್' ಅಂತ ಬರೆದುಕೊಟ್ಟೆ. ಆಮೇಲೆ ನನ್ನ ಕಿವಿ ಕಾದದ್ದು ಆ ಒಂದು ಹೆಸರಿಗೆ ಮಾತ್ರ. ಹೆಸರು ಬಂತು. ನಾನು ಕುಣಿದೆ. ಭಾಷಣ 2 ಗಂಟೆ 40 ನಿಮಿಷ ಆಯಿತು, ಕೊನೆಯ ಎರಡು ಪುಟ ಓದದೆಯೇ ಸಚಿವರು ಕೂತರು.

ಸಂಜೆ ಅಪ್ಪನ ಫೋನ್. "ಸೋಲಾರ್ ಪಂಪ್ ಕೊಡ್ತಾರಂತಲ್ಲಾ ಮಗ, ನಮ್ಮಂಥೋರಿಗೂ ಸಿಗುತ್ತಾ? ನೀನು ಪೂರ್ತಿ ಕೇಳಿರ್ತೀಯ."

ಪೂರ್ತಿ ಕೂತಿದ್ದೆ, ಕೇಳಿರಲಿಲ್ಲ. "ನೋಡಿ ಹೇಳ್ತೀನಪ್ಪಾ" ಅಂದೆ.

ರಾತ್ರಿ ಭಾಷಣದ ಪ್ರತಿ ಹುಡುಕಿ ಓದಿದೆ. ಕೃಷಿಯ 16 ಅಂಶಗಳು ಮೊದಲ ಭಾಗದಲ್ಲೇ ಇದ್ದವು. 20 ಲಕ್ಷ ರೈತರಿಗೆ ಹೊಸ ಸೋಲಾರ್ ಪಂಪ್. ಈಗಾಗಲೇ ಕರೆಂಟಿನಲ್ಲಿ ಓಡುವ ಪಂಪ್‌ಸೆಟ್ ಇರುವ 15 ಲಕ್ಷ ರೈತರಿಗೆ ಅದನ್ನೇ ಸೋಲಾರ್ ಮಾಡಿಕೊಳ್ಳಲು ನೆರವು. ನಮ್ಮ ಬೋರ್‌ವೆಲ್ ಎರಡನೆಯ ಸಾಲಿನದು. ರಾತ್ರಿ ಕರೆಂಟ್ ಬಂದಾಗ ಟಾರ್ಚ್ ಹಿಡಿದು ಹೊಲಕ್ಕೆ ಹೋಗುತ್ತಿದ್ದ ಅಪ್ಪನಿಗೆ ಬೇಕಿದ್ದದ್ದು ಆ ಒಂದು ಸಾಲು. ಅದು ನನ್ನ ಎದುರೇ ಹಾದುಹೋಗಿತ್ತು.

ನಾವು ಆಟಕ್ಕೆ ಮಾಡಿದ್ದು ಈಗ ಅಮೆರಿಕದಲ್ಲಿ ದೊಡ್ಡ ವ್ಯಾಪಾರ. ಅಧ್ಯಕ್ಷರು ಭಾಷಣದಲ್ಲಿ ಯಾವ ಪದ ಹೇಳುತ್ತಾರೆ ಅನ್ನೋದರ ಮೇಲೆ ಕಾಲ್ಶಿ, ಪಾಲಿಮಾರ್ಕೆಟ್‌ನಂಥ ಕಡೆ ಜನ ದುಡ್ಡು ಹಾಕುತ್ತಾರೆ. ಕಂಪನಿ ಮುಖ್ಯಸ್ಥರ ಮಾತಿನ ಮೇಲೂ ಹಾಕುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಕಾಯಿನ್‌ಬೇಸ್ ಕಂಪನಿಯ ಬ್ರಿಯಾನ್ ಆರ್ಮ್‌ಸ್ಟ್ರಾಂಗ್ ಹೂಡಿಕೆದಾರರ ಸಭೆಯ ಕೊನೆಗೆ, ಬೆಟ್ ಕಟ್ಟಿದ್ದ ಪದಗಳನ್ನು ಒಂದಾದ ಮೇಲೊಂದು ಹೇಳಿಯೇಬಿಟ್ಟರು. ಅರ್ಥ ಏನೂ ಇರಲಿಲ್ಲ, ಪದ ಉದುರಿದರೆ ಸಾಕಿತ್ತು. ನಾಳೆ ಸಂಸತ್ತಿನಲ್ಲಿ ಒಬ್ಬರು ಹೀಗೆ ಮಾಡಿದರೆ? ಮಾತಾಡುವವರ ಪಕ್ಕದಲ್ಲಿ ಕೂತವರೇ ಬೆಟ್ ಕಟ್ಟಿದರೆ?

ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ಹಾಸ್ಟೆಲ್‌ನಲ್ಲಿ ನನ್ನ ಕಿವಿ ಕೆಡಿಸಿದ್ದು ಯಾವ ಆ್ಯಪೂ ಅಲ್ಲ, ಹತ್ತು ರೂಪಾಯಿ.

ಗೆದ್ದ ಎಂಬತ್ತರಲ್ಲಿ ಎಲ್ಲರಿಗೂ ಟೀ ಕುಡಿಸಿದೆ. ಮಾರನೇ ದಿನ ಅಪ್ಪನಿಗೆ ಫೋನ್ ಮಾಡಿ ಆ ಎರಡು ಸಾಲನ್ನು ನಿಧಾನವಾಗಿ ಓದಿ ಹೇಳಿದೆ. ಅಪ್ಪ, "ಇನ್ನೊಂದ್ಸಲ ಓದು" ಅಂದರು.