ಮುಟ್ಟದ ಲೋಹದ ಲೆಕ್ಕ

ನಾವು ಮಾಡುವ ಕೆಲಸ ಏನೆಂದು ಯಾರಾದರೂ ಕೇಳಿದರೆ ತಟ್ಟನೆ ಉತ್ತರ ಹೇಳುವುದು ನಮಗೆ ಕಷ್ಟ. ರಸಾಯನ ವಿಜ್ಞಾನದವರು ಎಂದರೆ ಜನರಿಗೆ ಗಾಜಿನ ನಳಿಗೆ, ಆಮ್ಲದ ವಾಸನೆ ನೆನಪಾಗುತ್ತವೆ. ನಮ್ಮ ಕೋಣೆಯಲ್ಲಿ ಅವು ಯಾವುವೂ ಇಲ್ಲ. ನಾಲ್ಕಾರು ಕಂಪ್ಯೂಟರ್‌ಗಳಿವೆ, ಗೋಡೆಗೊಂದು ಕರಿಹಲಗೆ ಇದೆ. ದಿನವಿಡೀ ಪ್ಲಾಟಿನಂ, ಪಲ್ಲಾಡಿಯಂ, ಚಿನ್ನ ಎಂದು ಮಾತಾಡುತ್ತೇವೆ. ಆದರೆ ಅವುಗಳ ಒಂದು ಚೂರನ್ನೂ ಕೆಲಸಕ್ಕಾಗಿ ಕೈಯಲ್ಲಿ ಹಿಡಿದಿಲ್ಲ. "ಮುಟ್ಟದ ಚಿನ್ನದ ಲೆಕ್ಕ ಬರೆದು ಸಂಬಳ ತಗೊಳ್ತೀರಾ?" ಎಂದು ಮನೆಯ ಹಿರಿಯರೊಬ್ಬರು ತಮಾಷೆ ಮಾಡಿದ್ದುಂಟು. ತಮಾಷೆಯಾದರೂ ಅದರೊಳಗೆ ನ್ಯಾಯವಾದ ಪ್ರಶ್ನೆಯೊಂದಿದೆ. ಇಂಥ ಲೆಕ್ಕದಿಂದ ಯಾರಿಗೆ ಏನು ಉಪಕಾರ?

ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೀರಿಗೆ ವಿದ್ಯುತ್ ಹಾಯಿಸಿದರೆ ಅದು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತದೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1839ರಲ್ಲಿ ವೇಲ್ಸ್‌ನ ವಿಲಿಯಂ ಗ್ರೋವ್ ಅದನ್ನು ತಿರುಗಿಸಿ ನೋಡಿದರು. ಅವರು ವೃತ್ತಿಯಿಂದ ವಕೀಲರು. ಎರಡೂ ಅನಿಲಗಳನ್ನು ಪ್ಲಾಟಿನಂ ತಗಡಿನ ಮೇಲೆ ಸೇರಿಸಿದಾಗ ನೀರಿನ ಜೊತೆಗೆ ವಿದ್ಯುತ್ತೂ ಹುಟ್ಟಿತು. ಇಂದಿನ ಇಂಧನ ಕೋಶದ ಮೂಲ ಅದೇ. ಹೊಗೆಯಿಲ್ಲ, ಬೂದಿಯಿಲ್ಲ, ಹೊರಬರುವುದು ನೀರು ಮಾತ್ರ. ಚಂದ್ರನೆಡೆಗೆ ಹೋದ ಅಪೊಲೊ ನೌಕೆಗಳಿಗೆ ವಿದ್ಯುತ್ ಕೊಟ್ಟದ್ದೂ, ಯಾತ್ರಿಗಳಿಗೆ ಕುಡಿಯುವ ನೀರು ಕೊಟ್ಟದ್ದೂ ಇಂಥ ಕೋಶಗಳೇ.

ಇಷ್ಟು ಒಳ್ಳೆಯ ಸಾಧನ ಮನೆಮನೆಗೆ ಏಕೆ ಬರಲಿಲ್ಲ? ಜಲಜನಕವನ್ನು ಶುದ್ಧವಾಗಿ ತಯಾರಿಸುವುದೂ ಸಾಗಿಸುವುದೂ ದುಬಾರಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಆಮ್ಲಜನಕದ ಸೋಮಾರಿತನ. ಜಲಜನಕ ಬೇಗ ಒಡೆಯುತ್ತದೆ. ಆಮ್ಲಜನಕದ ಎರಡು ಪರಮಾಣುಗಳು ಮಾತ್ರ ಒಂದನ್ನೊಂದು ಸುಲಭಕ್ಕೆ ಬಿಡುವುದಿಲ್ಲ. ಲೆಕ್ಕದ ಪ್ರಕಾರ ಒಂದು ಕೋಶದಿಂದ 1.23 ವೋಲ್ಟ್ ಸಿಗಬೇಕು. ಕೆಲಸ ಮಾಡುವಾಗ ಸಿಗುವುದು ಸುಮಾರು 0.7 ವೋಲ್ಟ್. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಈ ನಷ್ಟದ ದೊಡ್ಡ ಪಾಲು ಆಮ್ಲಜನಕದ ಕಡೆಯದು. ಅದನ್ನು ಇಷ್ಟಕ್ಕಾದರೂ ಒಪ್ಪಿಸುವ ಕ್ರಿಯಾವರ್ಧಕ ಪ್ಲಾಟಿನಂ.

ಪ್ಲಾಟಿನಂನ ಬೆಲೆಯನ್ನು ಎಲ್ಲರೂ ಹಣದಲ್ಲಿ ಹೇಳುತ್ತಾರೆ. ಆದರೆ ಲೋಕದ ಪ್ಲಾಟಿನಂನ ಹೆಚ್ಚಿನ ಪಾಲು ಬರುವುದು ದಕ್ಷಿಣ ಆಫ್ರಿಕಾದ ನೆಲದಾಳದಿಂದ. 2012ರ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಮಾರಿಕಾನಾ ಗಣಿಯ ಕಾರ್ಮಿಕರು ತಿಂಗಳಿಗೆ 12,500 ರಾಂಡ್ ಸಂಬಳ ಕೇಳಿ ಮುಷ್ಕರ ಹೂಡಿದ್ದರು. ಮೊದಲ ದಿನಗಳ ಹಿಂಸೆಯಲ್ಲಿ ಪೊಲೀಸರೂ ಸೇರಿ 10 ಮಂದಿ ಸತ್ತರು. 16ರಂದು ಪೊಲೀಸರ ಗುಂಡಿಗೆ 34 ಕಾರ್ಮಿಕರು ಬಲಿಯಾದರು. ಆ ಲೋಹದ ದೊಡ್ಡ ಪಾಲು ಬಳಕೆಯಾಗುವುದು ವಾಹನಗಳ ಹೊಗೆಯನ್ನು ಶುದ್ಧಗೊಳಿಸಲು. ಒಂದು ಊರಿನ ಗಾಳಿ ಶುದ್ಧವಾಗಲು ಇನ್ನೊಂದು ಊರಿನಲ್ಲಿ ಇಂಥ ಬೆಲೆ ತೆರಬೇಕೇ? ಪ್ಲಾಟಿನಂ ಕಡಿಮೆ ಬಳಸಿ ಅಷ್ಟೇ ಕೆಲಸ ಮಾಡಿಸುವುದು ನಮಗೆ ಬರೀ ಉಳಿತಾಯದ ಮಾತಾಗಿ ಕಾಣುವುದಿಲ್ಲ. ಆದರೆ ಬಳಕೆ ತಗ್ಗಿದರೆ ಅದೇ ಗಣಿ ಕಾರ್ಮಿಕನ ಕೂಲಿಗೂ ಕುತ್ತು ಬರಬಹುದು. ಈ ಪ್ರಶ್ನೆಗೆ ಉತ್ತರ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ, ಸಮಾಜವೇ ಹುಡುಕಬೇಕು.

ಇನ್ನು ನಮ್ಮ ಲೆಕ್ಕದ ವಿಚಾರ. ಲೋಹದಲ್ಲಿರುವ ಕೋಟ್ಯಂತರ ಎಲೆಕ್ಟ್ರಾನುಗಳ ಚಲನೆಯನ್ನು ಒಂದೊಂದಾಗಿ ಲೆಕ್ಕ ಹಾಕುವುದು ಯಾರಿಂದಲೂ ಆಗದ ಕೆಲಸ. ಎಲ್ಲಿ ಎಷ್ಟು ದಟ್ಟವಾಗಿ ಎಲೆಕ್ಟ್ರಾನುಗಳಿವೆ ಎಂಬುದೊಂದನ್ನು ತಿಳಿದರೆ ಸಾಕು, ಶಕ್ತಿಯನ್ನು ಲೆಕ್ಕ ಹಾಕಬಹುದು ಎಂಬ ದಾರಿಯನ್ನು 1964 ಮತ್ತು 1965ರಲ್ಲಿ ವಾಲ್ಟರ್ ಕೋನ್ ಮತ್ತು ಸಂಗಡಿಗರು ತೋರಿಸಿದರು. ಕೋನ್ ವಿಯೆನ್ನಾದ ಯಹೂದಿ ಮನೆತನದವರು. 1939ರಲ್ಲಿ ಹುಡುಗನಾಗಿ ಇಂಗ್ಲೆಂಡಿಗೆ ಪಾರಾಗಿ ಬಂದರು. ತಂದೆ ತಾಯಿ ನಾಜಿಗಳ ಕೈಯಲ್ಲಿ ಹತರಾದರು. ಅಂಥ ನಿರಾಶ್ರಿತ ಹುಡುಗನಿಗೆ 1998ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಸಂದಿತು. ಇಂದು ನಾವು ದಿನವೂ ಬಳಸುವುದು ಅವರು ಹಾಕಿದ ದಾರಿಯನ್ನೇ.

ನಾವು ಲೆಕ್ಕದಲ್ಲಿ ಕೆಲವು ಡಜನ್ ಪರಮಾಣುಗಳ ಒಂದು ಹಾಳೆ ಕಟ್ಟುತ್ತೇವೆ. ಅದರ ಮೇಲೆ ಆಮ್ಲಜನಕವನ್ನು ಕೂರಿಸಿ, ಅದು ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ನೋಡುತ್ತೇವೆ. ಕ್ರಿಯಾವರ್ಧಕ ಎಂದರೆ ನೆಂಟರನ್ನು ಬರಮಾಡಿಕೊಳ್ಳುವ ಮನೆಯಂತೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೆ ಮಾತುಕತೆ ನಡೆಯುವುದಿಲ್ಲ. ಬಂದವರನ್ನು ಹೊರಡಲು ಬಿಡದಿದ್ದರೆ ಮುಂದಿನ ನೆಂಟರಿಗೆ ಜಾಗವಿರುವುದಿಲ್ಲ. ಚಿನ್ನದ ತಗಡು ಮೊದಲ ಬಗೆಯದು, ಕಬ್ಬಿಣ ಎರಡನೆಯದು. ಪ್ಲಾಟಿನಂ ನಡುವಿನದು, ಆದರೂ ಹಿಡಿತ ತುಸು ಬಿಗಿಯೇ. ಡೆನ್ಮಾರ್ಕ್‌ನ ಯೆನ್ಸ್ ನೋರ್ಸ್ಕೊವ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ಲೆಕ್ಕದಿಂದ ತೋರಿಸಿದರು.

ಈ ಲೆಕ್ಕವನ್ನು ಎಷ್ಟು ನಂಬಬಹುದು? ಪ್ರಾಮಾಣಿಕವಾಗಿ ಹೇಳಬೇಕಾದರೆ, ನಮ್ಮ ವಿಧಾನದಲ್ಲಿ 0.1ರಿಂದ 0.2 ಎಲೆಕ್ಟ್ರಾನ್ ವೋಲ್ಟ್‌ನಷ್ಟು ತಪ್ಪು ಸಹಜ. ಸಾಮಾನ್ಯ ಉಷ್ಣತೆಯಲ್ಲಿ 0.06ರಷ್ಟು ವ್ಯತ್ಯಾಸವಾದರೂ ಕ್ರಿಯೆಯ ವೇಗ ಹತ್ತು ಪಟ್ಟು ಬದಲಾಗುತ್ತದೆ. ಹಾಗಾದರೆ ಇದೆಲ್ಲ ವ್ಯರ್ಥವೇ? ಅಲ್ಲ. ಅಂಗಡಿಯ ತಕ್ಕಡಿ ಪ್ರತಿ ಸಲವೂ ನೂರು ಗ್ರಾಂ ಹೆಚ್ಚು ತೋರಿಸಿದರೂ ಎರಡು ಚೀಲಗಳಲ್ಲಿ ಯಾವುದು ಭಾರ ಎಂಬುದು ತಿಳಿದೇ ತಿಳಿಯುತ್ತದೆ. ಒಂದು ಲೋಹಕ್ಕೂ ಇನ್ನೊಂದಕ್ಕೂ ಹೋಲಿಸುವಾಗ ತಪ್ಪುಗಳು ಬಹುಮಟ್ಟಿಗೆ ಒಂದನ್ನೊಂದು ತೊಡೆದು ಹಾಕುತ್ತವೆ.

ಇದಕ್ಕೆ ಸಾಕ್ಷಿ ಸಿಕ್ಕಿದ್ದು 2009ರಲ್ಲಿ. ಡೆನ್ಮಾರ್ಕ್‌ನ ತಂಡ ಪ್ಲಾಟಿನಂನ ಅನೇಕ ಮಿಶ್ರಲೋಹಗಳನ್ನು ಲೆಕ್ಕದಲ್ಲೇ ಸೋಸಿ, ಇಟ್ರಿಯಂ ಮತ್ತು ಸ್ಕ್ಯಾಂಡಿಯಂ ಬೆರೆಸಿದವು ಚೆನ್ನಾಗಿರಬೇಕು ಎಂದಿತು. ಪ್ರಯೋಗ ಮಾಡಿದಾಗ ಇಟ್ರಿಯಂ ಬೆರೆತದ್ದು ಪ್ಲಾಟಿನಂಗಿಂತ ಹಲವು ಪಟ್ಟು ಚುರುಕಾಗಿತ್ತು. ಆದರೆ ಕೋಶಕ್ಕೆ ಬೇಕಾದಷ್ಟು ನಯವಾದ ಪುಡಿ ಮಾಡುವುದು ಬಹಳ ಕಷ್ಟ. ಇಟ್ರಿಯಂ ಆಮ್ಲಜನಕವನ್ನು ಕಂಡಕೂಡಲೇ ಅದನ್ನು ಅಪ್ಪಿಕೊಂಡುಬಿಡುತ್ತದೆ. ಲೆಕ್ಕ ಸರಿಯಿದ್ದರೆ ಸಾಲದು, ಕುಲುಮೆಯೂ ಒಪ್ಪಬೇಕು.

ಕುಲುಮೆಯೇ ಮುಂದೆ ಹೋಗಿ ಲೆಕ್ಕ ಹಿಂದೆ ಬಂದದ್ದೂ ಇದೆ. ಯಾವುದಕ್ಕೂ ಜಗ್ಗದ ಲೋಹವೆಂದು ಹೆಸರಾದ ಚಿನ್ನವನ್ನು ಜಪಾನಿನ ಮಸಾತಾಕೆ ಹರುತಾ ಅತಿ ಸಣ್ಣ ಕಣಗಳಾಗಿಸಿದರು. ಅದು ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಉತ್ಕರ್ಷಿಸುವುದನ್ನು 1987ರಲ್ಲಿ ತೋರಿಸಿದರು. ಹೇಗೆಂದು ವಿವರಿಸಲು ಲೆಕ್ಕದವರು ಎಷ್ಟೋ ವರ್ಷ ತಡಕಾಡಬೇಕಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗಡೆಯವರ ತಂಡ ಇನ್ನೊಂದು ದಾರಿ ಹಿಡಿಯಿತು. ಪ್ಲಾಟಿನಂ, ಪಲ್ಲಾಡಿಯಂಗಳನ್ನು ಕಣಗಳಾಗಿ ಹರಡುವ ಬದಲು ಸೀರಿಯಂ ಆಕ್ಸೈಡಿನೊಳಗೆ ಅಯಾನುಗಳಾಗಿ ಬೆರೆಸಿ, ಸ್ವಲ್ಪವೇ ಲೋಹದಿಂದ ಹೊಗೆ ಶುದ್ಧಗೊಳಿಸುವ ಕೆಲಸ ಮಾಡಿಸಿತು.

ಈಗ ಅನೇಕರ ಕಣ್ಣು ಕಬ್ಬಿಣದ ಮೇಲಿದೆ. ಬರಿಯ ಕಬ್ಬಿಣ ಆಮ್ಲಜನಕವನ್ನು ಹಿಡಿದರೆ ತುಕ್ಕಾಗುತ್ತದೆ. ಅದೇ ಕಬ್ಬಿಣದ ಒಂದು ಪರಮಾಣುವನ್ನು ನಾಲ್ಕು ಸಾರಜನಕಗಳ ನಡುವೆ ಕೂರಿಸಿದರೆ ಅದರ ಸ್ವಭಾವವೇ ಬೇರೆ. ನಮ್ಮ ನಿಮ್ಮ ರಕ್ತದಲ್ಲಿ ಕಬ್ಬಿಣ ಕೂತಿರುವುದು ಹಾಗೆಯೇ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ಬೇಕಾದಲ್ಲಿ ಬಿಡುತ್ತದೆ. ಮುಚ್ಚಿದ ಕೋಣೆಯ ಕೆಂಡದ ಹೊಗೆ ಮನುಷ್ಯನನ್ನು ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್ ಆ ಜಾಗವನ್ನು ಹಿಡಿದು ಬಿಡದಿರುವುದರಿಂದ. ಅದೇ ಅನಿಲ ಪ್ಲಾಟಿನಂಗೂ ವಿಷ. 2009ರಲ್ಲಿ ಕೆನಡಾದ ತಂಡವೊಂದು ಕಬ್ಬಿಣ, ಸಾರಜನಕ, ಇಂಗಾಲ ಸೇರಿದ ಚುರುಕಾದ ಕ್ರಿಯಾವರ್ಧಕವನ್ನು ಮಾಡಿ ತೋರಿಸಿತು. ಆದರೆ ಈ ಬಗೆಯವು ಕೋಶದ ಆಮ್ಲದಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ.

ಏಕೆ ಬಾಳುವುದಿಲ್ಲ, ಎಲ್ಲಿ ಮೊದಲು ಬಂಧ ಕಡಿಯುತ್ತದೆ, ಅದನ್ನು ತಡೆಯಲು ಪಕ್ಕದಲ್ಲಿ ಏನನ್ನು ಇಡಬೇಕು ಎಂಬುದೇ ಈಗ ಉಳಿದಿರುವ ಪ್ರಶ್ನೆ. ನಮ್ಮ ಲೆಕ್ಕಗಳಲ್ಲಿ ಬಹುಪಾಲು "ಇದು ಬೇಡ" ಎಂಬ ಉತ್ತರವನ್ನೇ ಕೊಡುತ್ತವೆ. ಅದೂ ಉಪಕಾರವೇ. ಪ್ರಯೋಗಾಲಯದ ಗೆಳೆಯರ ಒಂದು ವರ್ಷದ ದುಡಿಮೆ, ಜನರ ತೆರಿಗೆಯ ಹಣ ಅಷ್ಟರ ಮಟ್ಟಿಗೆ ಉಳಿಯಿತು. ಒಂದು ದಿನ ಈ ಸೋಸುವಿಕೆಯಲ್ಲಿ ಬಾಳುವ ಕಬ್ಬಿಣ ಸಿಕ್ಕಿದರೆ, ಇಂಧನ ಕೋಶ ಬಡವರ ಬೀದಿಗೂ ಬಂದೀತು. ಅಲ್ಲಿಯವರೆಗೆ ಸಿಕ್ಕದ್ದನ್ನು ಸಿಕ್ಕಿತೆಂದು ಹೇಳದಿರುವುದು ನಮ್ಮ ಜವಾಬ್ದಾರಿ.