ಕಾಲಿಗೆ ನೀರು

ಹುಮನಾಬಾದ್ ದಾಟಿ ಹೈದರಾಬಾದಿನ ಹೆದ್ದಾರಿ ಹಿಡಿದ ಬಸ್ಸು ನಿಮ್ಮನ್ನು ಮನ್ನಾಏಖೇಳ್ಳಿಯಲ್ಲಿ ಇಳಿಸಿ ಮುಂದೆ ಹೋಗುತ್ತದೆ. ಸಂಜೆ ಐದಾದರೂ ಬಿಸಿಲು ಹೆಗಲ ಮೇಲಿಂದ ಇಳಿದಿಲ್ಲ. ಶುಭ ಶುಕ್ರವಾರಕ್ಕೆ ಇನ್ನೊಂದು ವಾರವಿದೆ. ಜಹೀರಾಬಾದಿನ ಕಡೆ ಹೊರಟ ಲಾರಿ ಎಬ್ಬಿಸಿದ ಧೂಳು ಮೊದಲು ಕಣ್ಣಿಗೆ, ಆಮೇಲೆ ಪ್ಯಾಂಟಿನ ಅಂಚಿಗೆ, ಕೊನೆಗೆ ಚಪ್ಪಲಿಯೊಳಗೆ ಬೆರಳ ಸಂದಿಗೆ ಬಂದು ಕೂರುತ್ತದೆ.

ಊರೊಳಗಿನ ಒಂದು ಮನೆಯಲ್ಲಿ ಇವತ್ತು ಪ್ರಾರ್ಥನಾ ಕೂಟ. ನಡೆದರೆ ಹತ್ತು ನಿಮಿಷದ ದಾರಿ, ಆದರೆ ಹತ್ತು ನಿಮಿಷದಲ್ಲಿ ಮುಟ್ಟುವುದು ನಿಮ್ಮ ಕೈಯಲ್ಲಿಲ್ಲ. ಪಾನ್ ಡಬ್ಬಿಯವನು "ಯಾವೂರ್ರಿ?" ಎನ್ನುತ್ತಾನೆ. ಕಟ್ಟೆಯ ಮೇಲಿನ ಮುದುಕರು "ಯಾರ ಮನಿಗಿ ಹೊಂಟೀರಿ?" ಎನ್ನುತ್ತಾರೆ. ಹೇಳಿದಿರೋ, ಆ ಮನೆಯ ಮಗಳನ್ನು ಯಾವೂರಿಗೆ ಕೊಟ್ಟಿದ್ದಾರೆ ಎಂಬಲ್ಲಿಂದ ಈ ಸಲದ ತೊಗರಿ ದರದವರೆಗೆ ಮಾತು ಬೆಳೆಯುತ್ತದೆ. "ಚಾ ಕುಡದು ಹೋಗ್ರಿ" ಎಂದು ಒಬ್ಬರು ಕೈ ಹಿಡಿದೇ ಬಿಡುತ್ತಾರೆ.

ಯೇಸು 70 ಮಂದಿಯನ್ನು ಇಬ್ಬಿಬ್ಬರಂತೆ ಊರೂರಿಗೆ ಕಳಿಸುವಾಗ, ದಾರಿಯಲ್ಲಿ ಯಾರಿಗೂ ವಂದನೆ ಹೇಳಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿದೆ. ಪ್ರೀತಿಯನ್ನು ಬೋಧಿಸಿದವನು ನಮಸ್ಕಾರಕ್ಕೇಕೆ ಅಡ್ಡಬಂದ ಎಂದು ಪಟ್ಟಣದ ಓದುಗರು ತಲೆ ಕೆರೆದುಕೊಳ್ಳಬಹುದು. ಈ ಓಣಿಯಲ್ಲಿ ನಡೆದವರಿಗೆ ಅದು ತಾನಾಗಿಯೇ ತಿಳಿಯುತ್ತದೆ. ಪ್ರವಾದಿ ಎಲೀಷನೂ ತನ್ನ ಆಳು ಗೇಹಜಿಗೆ ಇದನ್ನೇ ಹೇಳಿದ್ದ. ಶೂನೇಮಿನ ಹೆಂಗಸಿನ ಮಗ ಸತ್ತು ಮಲಗಿದ್ದಾನೆ, ಕೋಲು ಹಿಡಿದು ಓಡಬೇಕು. ಎದುರಿಗೆ ಬಂದವರೆಲ್ಲರ ಜೊತೆ ಕ್ಷೇಮಸಮಾಚಾರ ಮಾತಾಡುತ್ತ ನಿಂತರೆ ಹೊತ್ತು ಮುಳುಗಿದಂತೆಯೇ.

ಅಂತೂ ಮನೆ ಬಂತು. ಕ್ರಿಸ್‌ಮಸ್ಸಿಗೆ ಕಟ್ಟಿದ ಕಾಗದದ ನಕ್ಷತ್ರ ಬಣ್ಣ ಕಳೆದುಕೊಂಡು ಇನ್ನೂ ಬಾಗಿಲ ಮೇಲೆ ತೂಗುತ್ತಿದೆ. ಬಾಗಿಲು ತೆರೆದೇ ಇದ್ದರೂ ನೀವು ಒಳಗೆ ಕಾಲಿಡುವುದಿಲ್ಲ. ಹೊರಗೆ ನಿಂತು ಕೆಮ್ಮಿ, "ಅದಾರೇನ್ರಿ ಮನ್ಯಾಗ?" ಎನ್ನುತ್ತೀರಿ. ಎಂಟು ವರ್ಷದ ಹುಡುಗಿ ಇಣುಕಿ ನೋಡಿ "ಬಂದ್ರು!" ಎಂದು ಕೂಗಿ ನಿಮ್ಮನ್ನು ಅಲ್ಲೇ ಬಿಟ್ಟು ಒಳಗೆ ಓಡುತ್ತಾಳೆ. ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಪೇತ್ರ ಯೆರೂಸಲೇಮಿನಲ್ಲಿ ಮರಿಯಳ ಮನೆಯ ಬಾಗಿಲು ಬಡಿದಾಗ ರೋದೆಯೆಂಬ ಕೆಲಸದ ಹುಡುಗಿ ಮಾಡಿದ್ದೂ ಇಷ್ಟೇ. ದನಿ ಗುರುತು ಹಿಡಿದ ಸಂತೋಷಕ್ಕೆ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿದಳು. ಪಾಪ, ಪೇತ್ರ ಬಡಿಯುತ್ತಲೇ ನಿಂತಿದ್ದ.

ನಿಮ್ಮ ಪಾಡು ಅಷ್ಟಕ್ಕೆ ಹೋಗುವುದಿಲ್ಲ. ಮನೆಯ ಸೊಸೆ ತಂಬಿಗೆ ಹಿಡಿದು ಬರುತ್ತಾಳೆ. ಕಟ್ಟೆಯ ಮೂಲೆಯಲ್ಲಿ ಒಂದು ಹಾಸುಗಲ್ಲಿದೆ. ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲುತ್ತೀರಿ. ಎಡಗೈಯಲ್ಲಿ ಸೆರಗು ಹಿಡಿದು ಬಲಗೈಯಲ್ಲಿ ಆಕೆ ತಂಬಿಗೆಯನ್ನು ಸ್ವಲ್ಪವೇ ಬಗ್ಗಿಸುತ್ತಾಳೆ. ನೀರು ಸಣ್ಣ ಧಾರೆಯಾಗಿ ಮೊದಲು ಹಿಮ್ಮಡಿಗೆ, ಆಮೇಲೆ ಪಾದದ ಮೇಲೆ ಬೀಳುತ್ತದೆ. ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುತ್ತೀರಿ. ಮಣ್ಣು ಕರಗಿ ಕೆಂಪಗೆ ಹರಿದ ನೀರು ಕಲ್ಲಿನ ಓರೆಯಿಂದ ಕರಿಬೇವಿನ ಗಿಡದ ಬುಡಕ್ಕೆ ಹೋಗುತ್ತದೆ. ಒಂದು ಹನಿಯೂ ದಂಡವಾಗುವುದಿಲ್ಲ. ನಳದ ನೀರು ದಿನಾ ಬರುವ ಕಾಲವಲ್ಲ ಇದು, ಒಳಗೆ ಕೊಡಗಳನ್ನು ಸಾಲಾಗಿ ತುಂಬಿಟ್ಟಿದ್ದಾರೆ. ನೀರು ಹೇರಳವಾಗಿರುವ ಊರಿನಲ್ಲಿ ಅತಿಥಿಯ ಕಾಲಿಗೆ ನೀರು ಕೊಟ್ಟರೆ ಅದು ಬರೀ ಸ್ವಚ್ಛತೆ. ಬೀದರ್ ಸೀಮೆಯ ಬೇಸಿಗೆಯಲ್ಲಿ, ಅಥವಾ ಮಳೆನೀರನ್ನು ಬಂಡೆಯಲ್ಲಿ ಕೊರೆದ ತೊಟ್ಟಿಗಳಲ್ಲಿ ಹಿಡಿದಿಟ್ಟು ವರ್ಷ ದೂಡುತ್ತಿದ್ದ ಯೂದಾಯದ ಗುಡ್ಡಗಳಲ್ಲಿ, ಅದು ಮನೆಯವರ ಪಾಲಿನಿಂದ ತೆಗೆದುಕೊಟ್ಟ ನೀರು.

ಅಷ್ಟರಲ್ಲಿ ಆಯಿ ಬರುತ್ತಾಳೆ. ಎರಡೂ ಅಂಗೈಗಳನ್ನು ನಿಮ್ಮ ಕೆನ್ನೆಯ ಮೇಲಿಂದ ಇಳಿಸಿ, ತನ್ನ ಕಣತಲೆಗೆ ಒತ್ತಿ ಲಟಲಟನೆ ಲಟಿಕೆ ಮುರಿಯುತ್ತಾಳೆ. "ಭಾಳ ಸೊರಗೀದಿ ನನ್ನಪ್ಪ." ನೀವು ಸೊರಗಿಲ್ಲ. ಆದರೆ ಈ ಮಾತಿಗೆ ಯಾರೂ ಎದುರಾಡುವುದಿಲ್ಲ.

ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. "ವಂದನೆಗಳ್ರಿ" ಎಂದು ಎಲ್ಲರೂ ಕೈಮುಗಿಯುತ್ತಾರೆ. "ಕುಂದರ್ರಿ, ಕುಂದರ್ರಿ." ಬೆಲ್ಲದ ಚೂರು, ನೀರು ಬರುತ್ತದೆ. ಪಾಸ್ಟರು ಸತ್ಯವೇದ ಬಿಚ್ಚುತ್ತಾರೆ. ಇವತ್ತಿನ ಭಾಗ ಲೂಕನ ಏಳನೆಯ ಅಧ್ಯಾಯ.

ಓದು ಶುರುವಾದಂತೆ ಗೋಡೆ ಜರುಗಿ ನೀವು ಇನ್ನೊಂದು ಮನೆಯಲ್ಲಿದ್ದೀರಿ. ಸೀಮೋನನೆಂಬ ಫರಿಸಾಯನ ಮನೆ. ನಡುಮನೆಯಲ್ಲಿ ತಗ್ಗಾದ ಮೇಜು. ಸುತ್ತಲೂ ಹಾಸಿನ ಮೇಲೆ ಎಡಮೊಣಕೈ ಊರಿ ಒರಗಿದ ಗಂಡಸರು. ತಲೆ ಊಟದ ಕಡೆ, ಕಾಲು ಹಿಂದಕ್ಕೆ, ಗೋಡೆಯ ಕಡೆಗೆ. ಬಾಗಿಲಿಗೆ ತಡೆಯಿಲ್ಲ, ಹೊರಗಿನವರೂ ಒಳಗೆ ಬಂದು ನಿಲ್ಲಬಹುದು. ಅವರ ನಡುವಿನಿಂದ ಒಬ್ಬಳು ಹೆಂಗಸು ನೇರ ಯೇಸುವಿನ ಕಾಲ ಬಳಿ ಬಂದು ನಿಲ್ಲುತ್ತಾಳೆ. ಊರಿಗೆಲ್ಲ ಆಕೆ ಪಾಪಿಯೆಂದು ಗೊತ್ತು. ಅಳುತ್ತಾಳೆ. ಕಣ್ಣೀರು ಧೂಳಿನ ಪಾದದ ಮೇಲೆ ಬಿದ್ದು ಗೆರೆ ಮೂಡುತ್ತದೆ. ಒರೆಸಲು ಬಟ್ಟೆಯಿಲ್ಲ, ಕೂದಲು ಬಿಚ್ಚುತ್ತಾಳೆ. ಆಮೇಲೆ ಸುಗಂಧತೈಲದ ಭರಣಿ.

ಸೀಮೋನನ ಮುಖ ನೋಡಿ. ಇವನು ನಿಜವಾಗಿ ಪ್ರವಾದಿಯಾಗಿದ್ದರೆ ಮುಟ್ಟಿದವಳು ಯಾರೆಂದು ತಿಳಿಯುತ್ತಿರಲಿಲ್ಲವೇ ಎಂಬ ಲೆಕ್ಕ ಅಲ್ಲಿ ನಡೆದಿದೆ. ಆಗ ಯೇಸು ತನ್ನ ಲೆಕ್ಕ ತೆಗೆಯುತ್ತಾನೆ. ನಾನು ನಿನ್ನ ಮನೆಗೆ ಬಂದಾಗ ಕಾಲಿಗೆ ನೀರಿಲ್ಲ, ಮುದ್ದಿಲ್ಲ, ತಲೆಗೆ ಎಣ್ಣೆಯಿಲ್ಲ. ಇಲ್ಲದ ಮೂರನ್ನೂ ಇವಳು ಕೊಟ್ಟಳು.

ಪುಸ್ತಕಗಳಲ್ಲಿ ಈ ಜಾಗಕ್ಕೆ "ಆ ಕಾಲದ ಪದ್ಧತಿ" ಎಂಬ ಅಡಿಟಿಪ್ಪಣಿ ಬೀಳುತ್ತದೆ. ಈ ಪಡಸಾಲೆಯಲ್ಲಿ ಅದು ಬೇಕಾಗಿಲ್ಲ. ನೀರಿನ ಮಾತು ಬಂದ ಕೂಡಲೇ ಹೆಂಗಸರ ಸಾಲಿನಿಂದ "ಚ್ಚ್" ಎಂಬ ಸದ್ದು ಕೇಳುತ್ತದೆ. ಊಟಕ್ಕೆ ಕರೆದು ಬಾಗಿಲಲ್ಲಿ ಮಾತಾಡಿಸದವರನ್ನು ಇವರೂ ಕಂಡಿದ್ದಾರೆ. ಸೀಮೋನ ಯಾವ ಕಟ್ಟಳೆಯನ್ನೂ ಮುರಿದಿರಲಿಲ್ಲ, ಅನ್ನ ಹಾಕಿದ್ದ. ಹಾಕಿದ ಅನ್ನ ಬಾಗಿಲಲ್ಲಿ ಮಾಡಿದ ಅಸಡ್ಡೆಯನ್ನು ಮುಚ್ಚುವುದಿಲ್ಲ, ಅಷ್ಟೇ.

ಇನ್ನೊಂದು ವಿಷಯ ಗಮನಿಸಿ. ಮಮ್ರೆಯ ಮರಗಳ ಬಳಿ ಗುಡಾರದ ಬಾಗಿಲಲ್ಲಿ ಕೂತಿದ್ದ ಅಬ್ರಹಾಮ ಉರಿಬಿಸಿಲಲ್ಲಿ ಬಂದ ಮೂವರ ಎದುರಿಗೆ ಓಡಿಹೋಗಿ ನೆಲಕ್ಕೆ ಬಗ್ಗಿ ಕರೆದಾಗಲೂ ನೀರು ತರಿಸುತ್ತೇನೆ ಎಂದನೇ ಹೊರತು ಕಾಲು ತೊಳೆಯುತ್ತೇನೆ ಎನ್ನಲಿಲ್ಲ. ತೊಳೆದುಕೊಳ್ಳುವುದು ಬಂದವರ ಕೆಲಸ, ಈಗ ಹಾಸುಗಲ್ಲಿನ ಮೇಲೆ ನೀವು ಮಾಡಿದ ಹಾಗೆ. ಇನ್ನೊಬ್ಬರ ಕೆರದ ಬಾರು ಬಿಚ್ಚುವುದು, ಪಾದ ಮುಟ್ಟಿ ತೊಳೆಯುವುದು ಆಳಿನ ಪಾಲಿನದು. ಕೊನೆಯ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಸುತ್ತಿ ಬೋಗುಣಿ ಹಿಡಿದು ಕೂತಾಗ ಪೇತ್ರ ಕಾಲು ಹಿಂದಕ್ಕೆಳೆದುಕೊಂಡದ್ದು ಅದಕ್ಕೇ.

ಓದು ಮುಗಿದ ಮೇಲೆ ಮೂಲೆಯ ಹಿರಿಯರೊಬ್ಬರು ಅದೇ ಅಧ್ಯಾಯದ ಮೊದಲ ಭಾಗವನ್ನು ಎತ್ತುತ್ತಾರೆ. ಕಪೆರ್ನೌಮಿನ ರೋಮನ್ ಶತಾಧಿಪತಿಯ ಆಳು ಸಾಯುವ ಸ್ಥಿತಿಯಲ್ಲಿದ್ದ. ಯೇಸು ಮನೆ ಹತ್ತಿರ ಬಂದಾಗ ಶತಾಧಿಪತಿಯೇ ಗೆಳೆಯರ ಕೈಲಿ ಹೇಳಿ ಕಳಿಸಿದ: ಒಳಗೆ ಬರುವುದು ಬೇಡ, ಅಷ್ಟಕ್ಕೆ ನಾನು ಯೋಗ್ಯನಲ್ಲ. ಯೆಹೂದ್ಯರು ಅನ್ಯರ ಮನೆಯೊಳಗೆ ಹೋದರೆ ಮೈಲಿಗೆ ಎಂಬುದು ಅವನಿಗೆ ತಿಳಿದಿತ್ತು.

"ನಮ್ಮಜ್ಜಗ ಇದು ತಿಳಿತಿತ್ತು" ಎನ್ನುತ್ತಾರೆ ಹಿರಿಯರು. ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳು ಬೀದರ್ ಸೀಮೆಗೆ ಬಂದದ್ದು ನಿಜಾಮರ ಆಳ್ವಿಕೆಯಲ್ಲಿ, 1948ಕ್ಕೆ ಬಹಳ ಮೊದಲೇ. ಅವರ ಮಾತು ಕೇಳಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಯವರು. ದೊಡ್ಡವರ ಮನೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು, ದೂರದಿಂದಲೇ "ಶರಣ್ರಿ" ಎಂದವರು. ಅವರಿಗೂ ನೀರು ಸಿಗುತ್ತಿತ್ತು, ಆದರೆ ಮೇಲಿನಿಂದ ಬೊಗಸೆಗೆ. ಅದೇ ತಂಬಿಗೆಯ ಧಾರೆ ಒಬ್ಬನ ಕಾಲಿಗೆ ಬಿದ್ದರೆ ಬಾ ಎಂದರ್ಥ, ಇನ್ನೊಬ್ಬನ ಕೈಗೆ ಎತ್ತರದಿಂದ ಬಿದ್ದರೆ ಅಲ್ಲೇ ನಿಲ್ಲು ಎಂದರ್ಥ. ಅತಿಥಿಸತ್ಕಾರದ ಹಾಡು ಹಾಡುವವರು ಸಾಮಾನ್ಯವಾಗಿ ಈ ಎರಡನೆಯ ಧಾರೆಯ ಸುದ್ದಿಗೆ ಬರುವುದಿಲ್ಲ.

ಈ ಸುದ್ದಿ ಬಂದ ಮೇಲೆ ಬಸವಕಲ್ಯಾಣದ ಮಾತು ಬಾರದೆ ಇರುತ್ತದೆಯೇ? ಇದೇ ಹೆದ್ದಾರಿಯಲ್ಲಿ ಹಿಂದಕ್ಕೆ ಹುಮನಾಬಾದ್ ದಾಟಿ ಹೋದರೆ ಆ ಊರು. ಹರಳಯ್ಯನ ಕಥೆ ಈ ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಆದರೂ ಪೂರ್ತಿ ಹೇಳಲೇಬೇಕು. ಚಪ್ಪಲಿ ಹೊಲಿಯುವ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ ಶರಣು ಎಂದ. ಕಲ್ಯಾಣದ ಭಂಡಾರಿ ತಿರುಗಿ ಶರಣು ಶರಣಾರ್ಥಿ ಎಂದ. ಒಂದಕ್ಕೆ ಎರಡು! ಹೆಚ್ಚಾಗಿ ಬಂದ ಆ ಒಂದು ವಂದನೆಯ ಸಾಲ ತೀರಿಸಲಾಗದೆ ಹರಳಯ್ಯ, ಹೆಂಡತಿ ಕಲ್ಯಾಣಮ್ಮ, ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಅವನಿಗೆ ಪಾದರಕ್ಷೆ ಹೊಲಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಬಂದವರನ್ನು ಮಾತಾಡಿಸದ ಮನೆಯವರ ಮೂಗೇ ಹೋಗಬೇಕೆಂದು ಒಂದು ವಚನದಲ್ಲಿ ಗದರಿದವನೂ ಇವನೇ. ಫರಿಸಾಯನ ಮನೆಯಲ್ಲಿ ಕೂದಲಿನಿಂದ ಪಾದ ಒರೆಸಿದವಳಿಗೂ ಕಲ್ಯಾಣಮ್ಮನಿಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷ. ಮಾತಾಡುವುದಕ್ಕೆ ಅವರಿಬ್ಬರಿಗೆ ಬೇಕಾದಷ್ಟಿತ್ತು ಅನ್ನಿಸುತ್ತದೆ ನನಗೆ.

ಕೂಟ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಚಾಚಾ ಬಾಗಿಲಲ್ಲಿ ನಿಂತು ಸಲಾಮ್ ಹೇಳುತ್ತಾರೆ. ಒಳಗಿನಿಂದ ಕರೆ ಬರುವವರೆಗೆ ಹೊಸ್ತಿಲು ದಾಟುವುದಿಲ್ಲ. ಅವರ ಧರ್ಮಗ್ರಂಥವೂ ಅದನ್ನೇ ಹೇಳುತ್ತದೆ. ಮನೆಯವರಿಗೆ ಸಲಾಮ್ ಹೇಳಿ, ಅಪ್ಪಣೆ ಕೇಳಿ ಒಳಗೆ ಹೋಗು, ಹಿಂದಿರುಗು ಎಂದರೆ ಹಿಂದಿರುಗು. ಯೇಸು ಆ 70 ಮಂದಿಗೆ ಹೇಳಿದ್ದರ ಉಳಿದ ಭಾಗವೂ ಹೀಗೇ: ಮನೆ ಹೊಕ್ಕ ಕೂಡಲೇ ಮೊದಲು ಆ ಮನೆಗೆ ಸಮಾಧಾನ ಹೇಳಿ. ಅದಕ್ಕೆ ತಕ್ಕವನು ಅಲ್ಲಿಲ್ಲದಿದ್ದರೆ ನೀವು ಹೇಳಿದ ಸಮಾಧಾನ ನಿಮಗೇ ವಾಪಸ್ಸು ಬರುತ್ತದೆ. ಚಾಚಾನ ಸಲಾಮು ವಾಪಸ್ಸು ಹೋಗುವ ಪ್ರಸಂಗ ಬರಲಿಲ್ಲ, ಅವರಿಗೂ ತಾಟು ಹಾಕಿಯಾಗಿದೆ.

"ಏನಿಲ್ರಿ, ಎರಡ ರೊಟ್ಟಿ ಅಷ್ಟ" ಎಂದಿದ್ದರು. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಅರ್ಧ ಗಂಟೆಯಿಂದ ನಿಂತಿಲ್ಲ. ಪುಂಡಿ ಪಲ್ಯ, ಬ್ಯಾಳಿ, ಕೋಳಿ ಸಾರು, ಮೇಲೆ ಮೊಸರು. ಅಬ್ರಹಾಮನೂ ಒಂದು ತುತ್ತು ರೊಟ್ಟಿ ತರುತ್ತೇನೆ ಎಂದು ಹೇಳಿ, ಸಾರಳಿಂದ ಮೂರು ಅಳತೆ ಹಿಟ್ಟು ನಾದಿಸಿ, ಎಳೆಗರುವನ್ನೇ ಅಡಿಗೆ ಮಾಡಿಸಿದ್ದ. ಆ ಮೂರು ಅಳತೆಯೆಂದರೆ 20 ಲೀಟರಿಗೂ ಮೇಲೆ. ಮೂವರಿಗೆ!

ಕೈ ತೊಳೆದು ನೀವು ಗಡಿಯಾರ ನೋಡುತ್ತೀರಿ. ಬೀದರಿನ ಬಸ್ಸು ಸಿಗಬಹುದು. "ಇವತ್ತ ಇದ್ದು ಮುಂಜಾನಿ ಹೋಗ್ರಿ" ಎನ್ನುತ್ತಾಳೆ ಆಯಿ. ಹಿರಿಯರು ನಗುತ್ತ ನ್ಯಾಯಸ್ಥಾಪಕರ ಪುಸ್ತಕದ ಲೇವಿಯನನ್ನು ನೆನಪಿಸುತ್ತಾರೆ. ಸಿಟ್ಟಾಗಿ ತವರಿಗೆ ಹೋದವಳನ್ನು ಕರೆತರಲು ಬೇತ್ಲೆಹೇಮಿಗೆ ಹೋದವನು. ಮಾವ ಮೂರು ದಿನ ಇಟ್ಟುಕೊಂಡ. ನಾಲ್ಕನೆಯ ದಿನ ಹೊರಟರೆ ಒಂದು ತುತ್ತು ತಿಂದು ಹೋಗು ಎಂದು ಕೂರಿಸಿ ರಾತ್ರಿ ಮಾಡಿದ. ಐದನೆಯ ದಿನವೂ ಹೊತ್ತು ಇಳಿಯುವವರೆಗೆ ಬಿಡಲಿಲ್ಲ. ಸಾಕಪ್ಪ ಎಂದು ಸಂಜೆಗೆ ಹೊರಟವನು ಗಿಬೆಯ ಮುಟ್ಟುವಷ್ಟರಲ್ಲಿ ಕತ್ತಲು. ಊರ ಚೌಕದಲ್ಲಿ ಕೂತರೆ ಬಾ ಎನ್ನುವವರಿಲ್ಲ. ಕಡೆಗೆ ಹೊಲದಿಂದ ಬಂದ ಒಬ್ಬ ಮುದುಕ ಕರೆದೊಯ್ದು ಕಾಲಿಗೆ ನೀರು ಕೊಟ್ಟ. ಆ ರಾತ್ರಿ ಮುಂದೆ ನಡೆದದ್ದನ್ನು ಹಿರಿಯರು ಹೇಳುವುದಿಲ್ಲ, ಮಕ್ಕಳು ಕೂತಿದ್ದಾರೆ.

"ಹಂಗಾರ ತಪ್ಪು ಆ ಮಾವಂದೇ ಅಲ್ಲೇನ್ರಿ? ಮುಂಜಾನಿನೇ ಬಿಟ್ಟಿದ್ರ ಆಗ್ತಿತ್ತು" ಎನ್ನುತ್ತೀರಿ, ಚೀಲ ಹೆಗಲಿಗೇರಿಸುತ್ತ.

"ಮಾವಂದೇನು ತಪ್ಪು?" ಎನ್ನುತ್ತಾಳೆ ಆಯಿ. "ಇರು ಅಂದಾಗ ಇರಬೇಕಿತ್ತು. ಏ, ಚೀಲ ಇಸ್ಕೊರಿ ಅವನ ಕೈಯಾಗಿಂದು."