ಗಾಯಗೊಂಡ ಕೈಗಳ ಶಾಂತಿ



ಬಲಿಪೂಜೆಯಲ್ಲಿ ಪ್ರಭುವು ಕಲಿಸಿದ ಪ್ರಾರ್ಥನೆ ಮುಗಿದ ಬಳಿಕ ಗುರುವು ನಿಮಗೆ ಶಾಂತಿಯನ್ನು ಕೋರುತ್ತಾನೆ. ನೀವು ಅಕ್ಕಪಕ್ಕದವರತ್ತ ತಿರುಗಿ ಕೈಜೋಡಿಸಿ ತಲೆಬಾಗುತ್ತೀರಿ. ಬಲಿಪೀಠದಲ್ಲಿ ನಿಂತು ನೋಡುವವನಿಗೆ ಆ ಒಂದು ನಿಮಿಷದಲ್ಲಿ ಧರ್ಮಕೇಂದ್ರದ ಚರಿತ್ರೆಯೆಲ್ಲ ಕಾಣುತ್ತದೆ. ಯಾರು ಯಾರ ಕಡೆಗೆ ತಿರುಗುವುದಿಲ್ಲ, ಯಾವ ಅತ್ತೆ ಪಕ್ಕದ ಸೊಸೆಯನ್ನು ದಾಟಿ ಆಚೆಯವರಿಗೆ ವಂದಿಸುತ್ತಾಳೆ, ಎಲ್ಲವೂ. ಇದಕ್ಕಾಗಿ ಪ್ರಬೋಧನೆಗಳಲ್ಲಿ ನಾನು ನಿಮ್ಮನ್ನು ಸಾಕಷ್ಟು ಗದರಿಸಿದ್ದೇನೆ. ಆದರೆ ಬಲಿಪೀಠದಲ್ಲಿ ನಿಂತವನ ಮನಸ್ಸು ನಿಮಗೆ ಕಾಣುವುದಿಲ್ಲ. ಅದರ ಬಗ್ಗೆ ಇಂದು ಹೇಳಬೇಕೆಂದಿದ್ದೇನೆ.

ನಮ್ಮ ತಂದೆಯವರು ಬಿಟ್ಟುಹೋದದ್ದು ಎರಡು ಎಕರೆ ತೆಂಗಿನ ತೋಟ. ಧರ್ಮಪ್ರಾಂತ್ಯದ ಗುರುಗಳು ಧಾರ್ಮಿಕ ಸಭೆಗಳವರಂತೆ ಬಡತನದ ವ್ರತ ಕೈಗೊಳ್ಳುವುದಿಲ್ಲ. ಹಾಗಾಗಿ ಪಹಣಿಯಲ್ಲಿ ತಮ್ಮನ ಹೆಸರಿನೊಡನೆ ನನ್ನ ಹೆಸರೂ ಉಳಿದಿತ್ತು. ಮಗಳ ಮದುವೆಗೆಂದು ಅರ್ಧ ಎಕರೆ ಮಾರಲು ತಮ್ಮ ನನ್ನ ಸಹಿ ಕೇಳಿದ. ಅಪ್ಪ ಬೆವರು ಸುರಿಸಿದ ನೆಲವೆಂದು ನಾನು ಒಪ್ಪಲಿಲ್ಲ. "ನಿನಗೇನಣ್ಣ, ಸಂಸಾರವೇ, ಸಾಲವೇ?" ಎಂದು ಎದ್ದುಹೋದ. ಬಡ್ಡಿಗೆ ಹಣ ತಂದು ಮದುವೆ ಮಾಡಿದ. ಆ ವಿವಾಹವನ್ನು ಆಶೀರ್ವದಿಸಿದವರು ಬೇರೊಬ್ಬ ಗುರುಗಳು. ಮುಂದೆ ನಾಲ್ಕು ವರ್ಷ ನಾವು ಮಾತನಾಡಲಿಲ್ಲ.

ಆ ನಾಲ್ಕು ವರ್ಷಗಳಲ್ಲಿ ಶಾಂತಿಯ ಕುರಿತ ನನ್ನ ಪ್ರಬೋಧನೆಗಳೇನೂ ನಿಲ್ಲಲಿಲ್ಲ. ಸಿಸ್ಟರ್ ರಾಣಿ ಮರಿಯರ ಕಥೆಯನ್ನು ನಾನು ಬಹಳ ಚೆನ್ನಾಗಿ ಹೇಳುತ್ತೇನೆಂದು ಯುವಜನರು ಹೊಗಳುತ್ತಿದ್ದರು. ಮಧ್ಯಪ್ರದೇಶದಲ್ಲಿ ಬಡ ರೈತರನ್ನು ಲೇವಾದೇವಿಯವರ ಹಿಡಿತದಿಂದ ಬಿಡಿಸಲು ದುಡಿಯುತ್ತಿದ್ದ ಕೇರಳದ ಆ ಕನ್ಯಾಸ್ತ್ರೀಯನ್ನು 1995ರ ಫೆಬ್ರವರಿ 25ರಂದು ಬಸ್ ಪ್ರಯಾಣದ ನಡುವೆ ಸಮಂದರ್ ಸಿಂಗ್ ಎಂಬಾತ ಇರಿದು ಕೊಂದ. ಅವರ ಸ್ವಂತ ತಂಗಿ, ತಾವೂ ಕನ್ಯಾಸ್ತ್ರೀಯಾದ ಸಿಸ್ಟರ್ ಸೆಲ್ಮಿ ಪೌಲ್, 2002ರಲ್ಲಿ ಸೆರೆಮನೆಗೇ ಹೋಗಿ ಆತನಿಗೆ ರಾಖಿ ಕಟ್ಟಿದರು. ಆತನ ಬಿಡುಗಡೆಯಾದದ್ದು 2006ರಲ್ಲಿ. ಧರ್ಮಸಭೆ 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಧನ್ಯರೆಂದು ಘೋಷಿಸಿತು. ಅಕ್ಕನನ್ನು ಕೊಂದವನ ಕೈಯನ್ನು ತಂಗಿ ಹಿಡಿದ ಈ ಘಟನೆಯನ್ನು ಹೇಳಿ ಮುಗಿಸಿ, ನಾನು ಮನೆಗೆ ಬಂದು ತಮ್ಮನ ದೂರವಾಣಿ ಸಂಖ್ಯೆಯನ್ನು ಒತ್ತದೆಯೇ ಮಲಗುತ್ತಿದ್ದೆ.

ಅಮ್ಮನ ವಾರ್ಷಿಕ ಸ್ಮರಣೆಯ ಪೂಜೆಗೆ ಊರಿಗೆ ಹೋದೆ. ತಮ್ಮ ಕೊನೆಯ ಬೆಂಚಿನಲ್ಲಿ ಕುಳಿತಿದ್ದ. ಶಾಂತಿಯ ಸಮಯ ಬಂತು. ನಾನು ಕೈಜೋಡಿಸಿದೆ, ಅವನು ತಲೆ ತಗ್ಗಿಸಿದ. ಶಾಂತಿ ಕೋರಲು ಗುರುವು ಬಲಿಪೀಠವನ್ನು ಬಿಟ್ಟು ಭಕ್ತರ ಬಳಿಗೆ ಹೋಗಬಾರದೆಂದು ರೋಮಿನಿಂದ 2014ರಲ್ಲಿ ಬಂದ ಸುತ್ತೋಲೆ ನೆನಪಿಸಿದೆ. ಒಳ್ಳೆಯ ನಿಯಮವೇ, ಪೂಜೆಯ ನಡುವೆ ಗದ್ದಲವಾಗಬಾರದಲ್ಲ. ಅಂದು ಮಾತ್ರ ಅದು ನನಗೆ ತೀರಾ ಅನುಕೂಲಕರವಾಗಿ ಕಂಡಿತು. ಪೂಜೆ ಮುಗಿಯುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಆ ರಾತ್ರಿ ಪರಮಪ್ರಸಾದದ ಸನ್ನಿಧಿಯಲ್ಲಿ ಕುಳಿತು ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯವನ್ನು ತೆರೆದೆ. ಪುನರುತ್ಥಾನದ ಸಂಜೆ, ಮುಚ್ಚಿದ ಬಾಗಿಲುಗಳೊಳಗೆ ಶಿಷ್ಯರು. ಪ್ರಭು ಬಂದು ಶಾಂತಿಯನ್ನು ಕೋರುತ್ತಾರೆ. ಮರುಕ್ಷಣವೇ ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾರೆ. ಓಡಿಹೋದವರನ್ನು ಒಂದು ಮಾತೂ ಆಕ್ಷೇಪಿಸುವುದಿಲ್ಲ. ಎಷ್ಟೋ ಸಲ ಓದಿದ್ದ ಭಾಗವದು. ನಾಲ್ಕು ವರ್ಷಗಳಿಂದ "ಪ್ರಭುವೇ, ಶಾಂತಿ ಕೊಡು" ಎಂದು ನಾನು ಬೇಡುತ್ತಿದ್ದೆನಲ್ಲ, ಆ ಹೆಸರಿನಲ್ಲಿ ಕೇಳುತ್ತಿದ್ದುದು ನನ್ನ ಪರವಾದ ತೀರ್ಪು ಎಂಬುದು ಅಲ್ಲಿ ತಿಳಿಯಿತು. ಗಾಯವನ್ನು ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡೇ ನಾನು ಕೈಜೋಡಿಸುತ್ತಿದ್ದೆ.

ಸೆಮಿನರಿಯಲ್ಲಿ ಕಲಿತ ಅಲ್ಪಸ್ವಲ್ಪ ಹೀಬ್ರೂ ನೆನಪಾಯಿತು. 'ಶಾಲೋಮ್' ಎಂದರೆ ಬರಿಯ ನೆಮ್ಮದಿಯಲ್ಲ, ಕೊರತೆಯಿಲ್ಲದ ಪೂರ್ಣತೆ. ಅದೇ ಧಾತುವಿನ ಕ್ರಿಯಾಪದ ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಅದರ ಅರ್ಥ, ನಷ್ಟವನ್ನು ತುಂಬಿಕೊಡುವುದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಪದ, ನನ್ನ ಲೆಕ್ಕಪುಸ್ತಕವನ್ನು ತೆರೆದು ಕುಳಿತಿತು.

ಮರುದಿನ ಬೆಳಿಗ್ಗೆ ತಮ್ಮನ ಮನೆಗೆ ನಡೆದೆ. ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. "ತಪ್ಪು ನನ್ನದು, ಕಾಗದ ಎಲ್ಲಿದೆ ಕೊಡು, ಸಹಿ ಹಾಕುತ್ತೇನೆ" ಎಂದೆ. ಕೆಲಸ ನಿಲ್ಲಿಸದೆ ಹೇಳಿದ: "ಈಗ ಬೇಡಣ್ಣ. ಸಾಲ ಹೋದ ವರ್ಷವೇ ತೀರಿತು." ಕೊಟ್ಟಿಗೆಯತ್ತ ನೋಡಿದೆ, ಹಸುಗಳಿರಲಿಲ್ಲ. ಬಡ್ಡಿ ಎಷ್ಟು ಕಟ್ಟಿದೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಒಳಗಿನಿಂದ ಅವನ ಹೆಂಡತಿ ಮೊತ್ತವನ್ನು ರೂಪಾಯಿ ಲೆಕ್ಕದಲ್ಲಿ ಹೇಳಿದಳು. ಆಮೇಲೆ ಕಾಫಿ ತಂದಿಟ್ಟಳು.

ಆ ರಾತ್ರಿ ಬಹುದಿನಗಳ ಬಳಿಕ ಗಾಢ ನಿದ್ರೆ ಬಂತು. ಸಮಸ್ಯೆಯೇನೋ ಬಗೆಹರಿದಿರಲಿಲ್ಲ, ತಮ್ಮ ನಗಲೂ ಇಲ್ಲ. ಆದರೂ ಬಂತು.

ಆ ಮೊತ್ತವನ್ನು ತಿಂಗಳಿಗಿಷ್ಟೆಂದು ಕಳುಹಿಸತೊಡಗಿದೆ. ಮೊದಲ ಎರಡು ಸಲ ಹಿಂದಿರುಗಿಸಿದ. ಮೂರನೆಯದನ್ನು ಇಟ್ಟುಕೊಂಡ. ಮುಂದಿನ ವರ್ಷದ ಸ್ಮರಣೆಯ ಪೂಜೆಯಲ್ಲೂ ಅವನು ಅದೇ ಕೊನೆಯ ಬೆಂಚಿನಲ್ಲಿದ್ದ. ನಾನು ಕೈಜೋಡಿಸಿದಾಗ ತಲೆಯೆತ್ತಿ ನೋಡಿದ.